ಕತ್ತರಿ ಯಾರದ್ದು

“ಇದು ಬೀಡಿಯಾ, ನಿನ್ನ ಸತ್ತ ಗಂಡನ ಬೆರಳಾ? ನೋಡು, ಕಣ್ಣು ಬಿಟ್ಟು ನೋಡು ಬೇವರ್ಸಿ!”

ಬೀಡಿ ಕಂಪೆನಿಯ ಎಲೆ ಹಂಚಿ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಜಗಲಿಯಲ್ಲಿ ಕುಳಿತಿದ್ದ ಕಂಟ್ರಾಕ್ಟುದಾರ ಪದ್ಮಯ್ಯ ನನ್ನ ಕಟ್ಟು ಬಿಚ್ಚಿ ಒಂದು ಹಿಡಿ ಬೀಡಿಯನ್ನು ನನ್ನ ಮುಖಕ್ಕೆ ಎಸೆದ. ನಾನು ಅಂಗಳದಲ್ಲಿ ನಿಂತಿದ್ದೆ. ನಮ್ಮ ಜಾತಿಯವರು ಅಲ್ಲೇ ನಿಲ್ಲಬೇಕು. ಜಗಲಿಗೆ ಮೂರು ಸಿಮೆಂಟಿನ ಮೆಟ್ಟಿಲು. ಒಂದನ್ನೂ ತುಳಿಯುವ ಹಾಗಿಲ್ಲ. ಕೆಳಗಿನಿಂದ ಗೆರಸೆ ಎತ್ತಿ ಹಿಡಿಯಬೇಕು, ಮೇಲಿನಿಂದ ಅವನು ಬೀಡಿ ತೆಗೆದುಕೊಳ್ಳುತ್ತಾನೆ. ನಾನು ತುದಿ ಮಡಚಿದ ಬೀಡಿಯನ್ನು ಮಾತ್ರ ಊರಿನ ಎಲ್ಲ ಜಾತಿಯವರೂ ತುಟಿಗಿಟ್ಟು ಎಳೆಯುತ್ತಾರೆ.

ಸರಿಯಿಲ್ಲ ಎಂದು ಬದಿಗೆ ಹಾಕಿದ ಬೀಡಿಗೆ ಚಾಟ್ ಎಂದು ಹೆಸರು. ಚಾಟಿಗೆ ಕೂಲಿಯಿಲ್ಲ. ಹಾಗೆಂದು ಪದ್ಮಯ್ಯ ಅದನ್ನು ಬಿಸಾಡುವುದೂ ಇಲ್ಲ. ಒಳಗಿನ ಡಬ್ಬಿಗೆ ಹಾಕುತ್ತಾನೆ. ಸಂಜೆ ಅದೇ ಬೀಡಿ ಅವನ ಮೈದುನನ ಗೂಡಂಗಡಿಯಲ್ಲಿ ಮಾರಾಟವಾಗುತ್ತದೆ. ಇದು ಊರಿನ ನಾಯಿಗೂ ಗೊತ್ತು.

ಅವತ್ತು ನನ್ನ ಬಾಯಿ ಸುಮ್ಮನಿರಲಿಲ್ಲ.

“ಚಾಟಾದ್ರೆ ನನ್ನೆದುರೇ ಮುರಿದು ಹಾಕಿ. ಡಬ್ಬಿಗೆ ಯಾಕೆ ಹಾಕುವುದು?”

“ಎಂತ ಹೇಳಿದೆ?”

“ಮುರಿಯಿರಿ ಅಂತ ಹೇಳಿದೆ.”

“ಹೌದು, ಮುರಿಯಲಿ. ನಮ್ಮದನ್ನೂ ಮುರಿಯಲಿ,” ಎಂದಳು ನನ್ನ ಹಿಂದೆ ನಿಂತಿದ್ದ ದಮಯಂತಿ. ಅವಳದ್ದು ನನ್ನ ಪಕ್ಕದ ಗುಡಿಸಲು. ಅವಳ ಹಿಂದೆ ಇನ್ನೂ ಒಂಬತ್ತು ಜನ ಇದ್ದರು. ಯಾರೂ ಹಿಂದೆ ಸರಿಯಲಿಲ್ಲ.

ಪದ್ಮಯ್ಯ ಎದ್ದು ನಿಂತ. ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ನನ್ನ ಕಾಲಿನ ಹತ್ತಿರ ಉಗಿದ.

“ನಿನ್ನ ಅಮ್ಮ ಗುತ್ತಿನ ಮನೆಯ ಗೊಬ್ಬರ ಹೊತ್ತು ಸತ್ತವಳು. ನೀನು ನನಗೆ ನ್ಯಾಯ ಹೇಳ್ಲಿಕ್ಕೆ ಬಂದೆಯಾ? ಕೈಗೊಂದು ಕತ್ತರಿ ಸಿಕ್ಕಿದ ಕೂಡಲೇ ದೊಡ್ಡ ಜನ ಆಗಿಬಿಟ್ಟೆಯಾ ರಂಡೆ?”

“ಕತ್ತರಿ ನನ್ನದು. ನಿಮ್ಮ ಅಪ್ಪ ಕೊಟ್ಟದ್ದಲ್ಲ,” ಎಂದೆ.

ಮರುದಿನ ಹನ್ನೊಂದು ಜನರಿಗೂ ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ. ಗೆರಸೆ ಕಂಕುಳಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದೆ ಹೋದೆವು.

*

ಅಮ್ಮನ ಮಾತು ಬಂದದ್ದರಿಂದ ಹೇಳುತ್ತೇನೆ. ಅಮ್ಮ ಊರಿನ ಜಮೀನುದಾರರಾದ ಗುತ್ತಿನ ಮನೆಯ ಮೂಲದಾಳು. ಎಂದರೆ ಗದ್ದೆ ಮಾರಿದರೆ ಗದ್ದೆಯ ಜೊತೆ ಅವಳೂ ಹೋಗಬೇಕು. ಅವಳು ಕೆಲಸ ಮಾಡುವ ಕತ್ತಿಯೂ ಧನಿಗಳದ್ದೇ. ಬೆಳಿಗ್ಗೆ ದನದ ಹಟ್ಟಿಯ ಗೋಡೆಯಿಂದ ತೆಗೆದುಕೊಳ್ಳಬೇಕು, ಸಂಜೆ ಅಂಗಳದ ಕಲ್ಲಿನ ಮೇಲೆ ಇಡಬೇಕು. ಇಟ್ಟು ಸುಮ್ಮನೆ ಹೋಗುವ ಹಾಗಿಲ್ಲ. “ಕತ್ತಿ ಇಟ್ಟಿದ್ದೇನೆ ಧನೀ” ಎಂದು ಕೂಗಬೇಕು. ಒಳಗಿನಿಂದ “ಹ್ಞೂಂ” ಎಂಬ ಸ್ವರ ಬರುವವರೆಗೆ ನಿಲ್ಲಬೇಕು. ಧನಿಗಳು ಊಟಕ್ಕೆ ಕುಳಿತಿದ್ದರೆ ಊಟ ಮುಗಿಯುವವರೆಗೆ, ಎಣ್ಣೆ ಹಚ್ಚಿ ಸ್ನಾನಕ್ಕೆ ಹೋಗಿದ್ದರೆ ಸ್ನಾನ ಮುಗಿಯುವವರೆಗೆ. ನಾನು ಅವಳ ಸೀರೆ ಹಿಡಿದು ಎಷ್ಟೋ ಸಂಜೆ ಹಾಗೆ ನಿಂತಿದ್ದೇನೆ. ಒಮ್ಮೆ ಹಸಿವೆ ತಡೆಯದೆ, “ಹೋಗುವ ಅಮ್ಮ, ಕತ್ತಿ ಅಲ್ಲೇ ಉಂಟಲ್ಲ” ಎಂದದ್ದಕ್ಕೆ ಅಮ್ಮ ನನ್ನ ಬಾಯಿಗೆ ಹೊಡೆದಿದ್ದಳು. ಅವಳು ಸತ್ತಾಗ ಅವಳದ್ದು ಎಂದು ಹೇಳಲು ಒಂದು ಮೊಳೆಯೂ ಇರಲಿಲ್ಲ.

ಬೀಡಿ ಕಟ್ಟಲು ಕಲಿತ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಮೂಡಬಿದ್ರೆಗೆ ನಡೆದುಹೋಗಿ ಒಂದು ಕತ್ತರಿ ಕೊಂಡದ್ದು. ಹಿಡಿಗೆ ಅಮ್ಮನ ಸೀರೆಯ ಅಂಚು ಹರಿದು ಸುತ್ತಿದೆ. ಅದನ್ನು ನನ್ನ ಮಗಳಿಗೂ ಮುಟ್ಟಲು ಕೊಡುವವಳಲ್ಲ. ಸಂಜೆ ಕೆಲಸ ಮುಗಿದ ಮೇಲೆ ಒರೆಸಿ, ತಲೆದಿಂಬಿನ ಅಡಿಯಲ್ಲಿಡುತ್ತಿದ್ದೆ. ಹೊರಗೆ ಹೊರಟರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಎಲ್ಲೂ ಇಟ್ಟು ಯಾರಿಗೂ ಕೂಗಿ ಹೇಳಬೇಕಾಗಿರಲಿಲ್ಲ.

*

ಹಸನಬ್ಬ ಬ್ಯಾರಿಗಳು ಇಲ್ಲದಿದ್ದರೆ ನಮ್ಮ ಜಗಳ ಅಂಗಳದಲ್ಲೇ ಮುಗಿಯುತ್ತಿತ್ತು. ಅವರೂ ಮೊದಲು ನಮ್ಮ ಬ್ರಾಂಚಿಗೇ ಬೀಡಿ ಕಟ್ಟಿ, ಈಗ ಕೆಲಸ ಬಿಟ್ಟಿದ್ದ ಮುದುಕರು. ಮಂಗಳೂರಿನ ಯೂನಿಯನ್ ಆಫೀಸಿಗೆ ಹೋಗಿ ಬಂದು ಮಾಡುತ್ತಿದ್ದವರು. ನಾನು ಐದನೇ ಕ್ಲಾಸು ಓದಿದವಳಾದ್ದರಿಂದ ಅವರು ಹೇಳಿದರು, ನಾನು ಬರೆದೆ. ಬೀಡಿ ಕಟ್ಟುವ ಕೆಲಸದಿಂದ ನಮ್ಮನ್ನು ಕಾರಣವಿಲ್ಲದೆ ತೆಗೆದಿದ್ದಾರೆ, ಕೆಲಸ ತಿರುಗಿ ಕೊಡಿಸಬೇಕು. ಅಷ್ಟೇ ಅರ್ಜಿ. ಚೀನಾ ಯುದ್ಧ ಮುಗಿದ ಮರುವರ್ಷ ಅದು. ಲೇಬರ್ ಆಫೀಸರು ಬಂಟ್ವಾಳದ ಸರ್ಕಾರಿ ಬಂಗ್ಲೆಗೆ ಬಂದು ವಿಚಾರಣೆ ಮಾಡುತ್ತಾರೆ ಎಂದು ಕಾಗದ ಬಂತು.

ಕಾಗದ ಬಂದ ನಾಲ್ಕನೇ ದಿನ ಪದ್ಮಯ್ಯ ನಮ್ಮ ಕೇರಿಗೆ ಬಂದ. ಅವನ ಮುಖದಲ್ಲಿ ನಗು ಇತ್ತು. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ.

“ಕೋಪ ಎಲ್ಲ ಬಿಡುವ ಅಮ್ಮಣಿ. ಮನುಷ್ಯ ಅಂದ್ಮೇಲೆ ಬಾಯಿ ತಪ್ಪುತ್ತದೆ. ಈಗ ನಿಮ್ಮ ತಗಡು ಎಲ್ಲ ಹಳತಾಗಿದೆ. ಕೊಡಿ, ಕಂಪೆನಿಯಿಂದ ಹೊಸತು ಬರ್ತದೆ.”

ತಗಡು ಎಂದರೆ ಎಲೆ ಕತ್ತರಿಸುವ ಅಳತೆ. ಬೆರಳುದ್ದದ ಒಂದು ತುಂಡು. ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸಬೇಕು. ಅದರ ಮೇಲೆ ಕಂಪೆನಿಯ ಮೊಹರು ಒತ್ತಿರುತ್ತದೆ. ಆ ಅಳತೆಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚಾಟ್.

“ಹೊಸ ತಗಡು ಕೊಡ್ತಾರೆ ಅಂದ್ರೆ ಎಲೆಯೂ ಕೊಡ್ತಾರೆ,” ಎಂದಳು ದಮಯಂತಿ. ನಾವೆಲ್ಲ ಹಾಗೆಯೇ ಎಣಿಸಿದೆವು. ಹಸಿದವರಿಗೆ ಹಾಗೆಯೇ ಕಾಣುತ್ತದೆ. ಎರಡು ವಾರದಿಂದ ನಮ್ಮ ಮನೆಗಳಲ್ಲಿ ಬೇಯುತ್ತಿದ್ದದ್ದು ಎಳೆ ಹಲಸು ಮತ್ತು ಉಪ್ಪು. ನಾನೇ ಎಲ್ಲರ ಮನೆಗೆ ಹೋಗಿ ತಗಡು ಒಟ್ಟು ಮಾಡಿ ಅವನ ಚೀಲಕ್ಕೆ ಹಾಕಿದೆ. ಹನ್ನೊಂದು ತಗಡು. ನನ್ನ ಕೈಯಿಂದಲೇ.

*

ಬಂಟ್ವಾಳದ ಬಂಗ್ಲೆಯ ದೊಡ್ಡ ಕೋಣೆಯಲ್ಲಿ ಆಫೀಸರು ಮೇಜಿನ ಹಿಂದೆ ಕುಳಿತಿದ್ದರು. ಅವರ ಬದಿಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಕಂಪೆನಿಯ ಪರವಾಗಿ ಶಿವಸುಬ್ರಹ್ಮಣ್ಯ ವಕೀಲರು ಬಂದಿದ್ದರು, ಅವರ ಹಿಂದೆ ಪದ್ಮಯ್ಯ ನಿಂತಿದ್ದ. ಬೀಡಿ ಕಂಪೆನಿ, ಹಂಚಿನ ಕಾರ್ಖಾನೆ, ಬಸ್ಸಿನ ಕಂಪೆನಿ, ಯಾವ ಧನಿಗಳಿಗೆ ಕೆಲಸದವರ ತಕರಾರು ಬಂದರೂ ಅವರೇ ಎಂದು ಹಸನಬ್ಬ ಬ್ಯಾರಿಗಳು ಮೊದಲೇ ಹೇಳಿದ್ದರು. ನಾನು ದೊಡ್ಡ ಮೀಸೆಯ, ಗದರುವ ಗಂಡಸನ್ನು ಎಣಿಸಿಕೊಂಡು ಹೋಗಿದ್ದೆ. ಇವರು ಸಣಕಲು. ಕಪ್ಪು ಕೋಟು, ಹಣೆಯಲ್ಲಿ ಗಂಧ, ಸ್ವರ ಎಣ್ಣೆ ಹಾಕಿದ ಬಾಗಿಲಿನ ಹಾಗೆ.

“ಬನ್ನಿ ಅಮ್ಮಣಿಯವರೇ. ಕುಳಿತುಕೊಳ್ಳಿ,” ಎಂದು ಕುರ್ಚಿ ತೋರಿಸಿದರು.

ನನ್ನ ನಲವತ್ತು ವರ್ಷದ ಬದುಕಿನಲ್ಲಿ ಯಾವ ಜನಿವಾರದವರೂ ನನ್ನನ್ನು ‘ನೀವು’ ಎಂದದ್ದಿಲ್ಲ. ಕುರ್ಚಿಯಂತೂ ಇಲ್ಲ. ನಾನು ಸೊಂಟದ ಕತ್ತರಿಯನ್ನು ಕೈಗೆ ತೆಗೆದುಕೊಂಡು ಕುಳಿತೆ. ಕುಳಿತಲ್ಲೇ ಸೋತೆ, ಅದು ಆಗ ಗೊತ್ತಾಗಲಿಲ್ಲ.

“ಕೈಯಲ್ಲಿರುವುದು ಕತ್ತರಿಯಾ? ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೀರಿ. ಯಾರದ್ದು ಅದು?”

“ನನ್ನದು.”

“ಕಂಪೆನಿಯವರು ಕೊಟ್ಟದ್ದಲ್ಲವಾ?”

“ಅವರು ಎಂತ ಕೊಡುವುದು! ಮೂಡಬಿದ್ರೆಗೆ ನಡೆದು ಹೋಗಿ ನಾನೇ ತಕೊಂಡದ್ದು.”

“ಒಳ್ಳೆಯದು. ಬೀಡಿ ಎಲ್ಲಿ ಕುಳಿತು ಕಟ್ಟುತ್ತೀರಿ?”

“ನನ್ನ ಮನೆಯಲ್ಲಿ.”

“ಬೆಳಿಗ್ಗೆ ಇಷ್ಟು ಗಂಟೆಗೆ ಶುರು ಮಾಡಬೇಕು, ಇಷ್ಟು ಗಂಟೆಗೆ ಏಳಬೇಕು ಅಂತ ಪದ್ಮಯ್ಯನವರು ಹೇಳುತ್ತಾರಾ?”

“ಅವನು ಯಾರು ನನಗೆ ಹೇಳ್ಲಿಕ್ಕೆ?”

ಬಾಗಿಲ ಬಳಿ ನಿಂತಿದ್ದ ನಮ್ಮ ಹೆಂಗಸರು ನಕ್ಕರು. ಆಫೀಸರೂ ಸ್ವಲ್ಪ ನಕ್ಕರು. ನನಗೆ ಇನ್ನೂ ಹುರುಪು ಬಂತು. ಹಸನಬ್ಬ ಬ್ಯಾರಿಗಳು ಗೋಡೆಯ ಹತ್ತಿರ ಕೆಮ್ಮಿದರು. ಮುದುಕರಿಗೆ ಕೆಮ್ಮು ಇದ್ದದ್ದೇ ಎಂದು ನಾನು ಆ ಕಡೆ ನೋಡಲಿಲ್ಲ.

“ನೆಂಟರ ಮನೆಗೆ ಹೋಗಬೇಕಾದರೆ ಪದ್ಮಯ್ಯನವರ ಅಪ್ಪಣೆ ಕೇಳುತ್ತೀರಾ?”

“ಯಾರ ಅಪ್ಪಣೆಯೂ ಇಲ್ಲ. ಅಪ್ಪಣೆ ಕೇಳುವ ಕಾಲ ನನ್ನ ಅಮ್ಮನಿಗೇ ಮುಗಿಯಿತು.”

ಬ್ಯಾರಿಗಳು ಮತ್ತೆ ಕೆಮ್ಮಿದರು. ಈ ಸಲ ಜೋರಾಗಿ.

“ನೀರು ಕೊಡಿ ಅವರಿಗೆ,” ಎಂದರು ವಕೀಲರು. ಆಮೇಲೆ ನನ್ನ ಕಡೆ ಬಗ್ಗಿ, ಅಣ್ಣ ತಂಗಿಯನ್ನು ಕೇಳುವ ಹಾಗೆ ಕೇಳಿದರು. “ಹಾಗಾದರೆ ಅಮ್ಮಣಿಯವರೇ, ನೀವು ಯಾರ ಆಳೂ ಅಲ್ಲ?”

ನಾನು ಕುರ್ಚಿಯಿಂದ ಎದ್ದು ನಿಂತು ಹೇಳಿದೆ. “ಅಲ್ಲ. ನನ್ನ ಅಮ್ಮ ಆಳಾಗಿದ್ದಳು. ನಾನು ಯಾರ ಆಳೂ ಅಲ್ಲ.”

“ಬಹಳ ಸಂತೋಷ. ನಾನು ಇನ್ನೇನೂ ಕೇಳುವುದಿಲ್ಲ.”

ಅವರು ಆಫೀಸರ ಕಡೆ ತಿರುಗಿದರು. “ಕೇಳಿದಿರಲ್ಲ ಸ್ವಾಮಿ. ಉಪಕರಣ ಇವರದ್ದು, ಜಾಗ ಇವರದ್ದು, ಸಮಯ ಇವರದ್ದು. ಎಲೆ ಕೊಡುವ ಪದ್ಮಯ್ಯನವರೂ ಕಂಪೆನಿಯ ನೌಕರರಲ್ಲ. ಇವರು ಯಾರ ಆಳೂ ಅಲ್ಲ ಎಂದು ಇವರ ಬಾಯಿಂದಲೇ ಬಂತು. ಕೆಲಸಗಾರರೇ ಅಲ್ಲದವರನ್ನು ಕೆಲಸದಿಂದ ತೆಗೆಯುವುದು ಹೇಗೆ?”

ಕೋಣೆಯಲ್ಲಿ ಯಾರೂ ನಗಲಿಲ್ಲ.

ಹಸನಬ್ಬ ಬ್ಯಾರಿಗಳು ಮುಂದೆ ಬಂದರು. “ಸ್ವಾಮೀ, ಎಲೆ ಕತ್ತರಿಸುವ ತಗಡು ಕಂಪೆನಿಯದ್ದು. ಮೊಹರು ಉಂಟು ಅದರಲ್ಲಿ. ಆ ಅಳತೆಗೆ ಆಗದಿದ್ರೆ ಬೀಡಿ ತಕೊಳ್ಳುವುದಿಲ್ಲ. ಇದು ಕೆಲಸ ಮಾಡಿಸುವುದಲ್ಲದೆ ಮತ್ತೆಂತ?”

ಆಫೀಸರು ಪೆನ್ನು ಎತ್ತಿಕೊಂಡರು. “ತೋರಿಸಿ. ಅದಿದ್ದರೆ ಮಾತು ಬೇರೆ.”

ಬ್ಯಾರಿಗಳು ನಮ್ಮ ಕಡೆ ತಿರುಗಿದರು. ನಾವು ಹನ್ನೊಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದೆವು.

“ಅದು ಇವನೇ ತಕೊಂಡು ಹೋದ! ಹೊಸತು ಕೊಡ್ತೇನೆ ಅಂತ ಹೇಳಿ ಬ್ರಾಂಚಿನ ಎಲ್ಲರದ್ದೂ ತಕೊಂಡು ಹೋದ!” ದಮಯಂತಿ ಪದ್ಮಯ್ಯನ ಕಡೆ ಕೈ ಮಾಡಿ ಕಿರುಚಿದಳು.

“ಯಾವ ತಗಡು?” ಎಂದ ಪದ್ಮಯ್ಯ.

ಗುಮಾಸ್ತ ನಾನು ಹೇಳಿದ್ದನ್ನೆಲ್ಲ ಬರೆದು ಮುಗಿಸಿ ಕಾಗದ ನನ್ನ ಮುಂದಿಟ್ಟ. ಬರೆದದ್ದು ಇಂಗ್ಲಿಷಿನಲ್ಲಿ. ಹೆಬ್ಬೆಟ್ಟಿನ ಮಸಿ ನನ್ನ ಕಡೆ ದೂಡಿದ. ನನಗೆ ಸಹಿ ಬರುತ್ತದೆ ಎಂದೆ. ದುಂಡಗೆ ಬರೆದೆ. ಅಮ್ಮಣಿ.

*

ಹೊರಗೆ ಮಾವಿನ ಮರದ ಕೆಳಗೆ ಬ್ಯಾರಿಗಳು ನನ್ನನ್ನು ತಡೆದು ನಿಲ್ಲಿಸಿದರು.

“ಕೆಮ್ಮಿದ್ದು ಕೇಳ್ಲಿಲ್ಲವಾ ನಿನಗೆ? ಗಂಟಲು ಹರಿದು ಹೋಯ್ತು ನನ್ನದು!”

“ನಾನು ಸುಳ್ಳು ಹೇಳಬೇಕಿತ್ತಾ ಬ್ಯಾರಿಗಳೇ?”

“ಸುಳ್ಳು ಯಾರು ಹೇಳ್ಲಿಕ್ಕೆ ಹೇಳಿದ್ದು ಮಾರಾಯ್ತಿ! ಆ ಜನ ಒಂದಾದರೂ ಸುಳ್ಳು ಕೇಳಿದನಾ? ಎಲ್ಲ ನಿಜವೇ ಕೇಳಿದ್ದು. ನಿನ್ನ ನಿಜವನ್ನೇ ತೆಗೆದು ನಿನ್ನ ಕುತ್ತಿಗೆಗೆ ಕಟ್ಟಿದ.”

ಅಷ್ಟರಲ್ಲಿ ವಕೀಲರು ಹೊರಗೆ ಬಂದರು. ಹಿಂದೆ ಫೈಲು ಹೊತ್ತು ಪದ್ಮಯ್ಯ. ಕಾರು ಮರದ ಆಚೆ ಬದಿಯಲ್ಲಿತ್ತು. ನಾವು ದಾರಿಯಲ್ಲೇ ಇದ್ದರೂ ಅವರಿಗೆ ಕಾಣಿಸಲಿಲ್ಲ. ವಕೀಲರು ಮಾತು ನಿಲ್ಲಿಸಲೂ ಇಲ್ಲ.

“ತಗಡು ಮೊದಲೇ ಎತ್ತಿಸಿದ್ದು ಒಳ್ಳೆಯದಾಯಿತು ನೋಡು. ನಾನು ಹೇಳಲಿಲ್ಲವಾ? ಕಂಪೆನಿಯ ಒಂದು ವಸ್ತುವೂ ಆ ಹೆಂಗಸರ ಕೈಯಲ್ಲಿರಬಾರದು, ಅವರ ಒಂದು ವಸ್ತುವೂ ಕಂಪೆನಿಯ ಜಾಗದಲ್ಲಿರಬಾರದು. ಉಳಿದ ಬ್ರಾಂಚುಗಳಿಂದಲೂ ಎತ್ತಿಸು. ಮಳೆಗಾಲದ ಒಳಗೆ ಎಲ್ಲರ ಹತ್ತಿರ ಒಂದು ಕಾಗದ ಬರೆಸಿಕೊಳ್ಳುವ. ಮತ್ತೆ ತಲೆನೋವೇ ಇಲ್ಲ.”

ನಾನು ಎದುರು ನಿಂತೆ. “ವಕೀಲರೇ, ತಗಡು ತೆಗೆಯಲಿಕ್ಕೆ ಹೇಳಿದ್ದು ನೀವಾ?”

ಅವರು ಒಂದು ಹೆಜ್ಜೆ ಹಿಂದೆ ಹೋಗಿ ಕೋಟಿನ ಅಂಚು ಎಳೆದುಕೊಂಡರು. ಒಳಗೆ ಕುರ್ಚಿ ಕೊಟ್ಟ ಮನುಷ್ಯನೇ.

“ಏ, ದಾರಿ ಬಿಡು. ಮೈ ಮೇಲೆ ಬರಬೇಡ.”

‘ನೀವು’ ಬಂಗ್ಲೆಯ ಒಳಗೇ ಉಳಿದಿತ್ತು.

ಬಸ್ಸಿನಲ್ಲಿ ದಮಯಂತಿ ಕಿಟಕಿಯ ಕಡೆ ತಿರುಗಿ, “ಕುರ್ಚಿ ಮೆತ್ತಗೆ ಇತ್ತಾ?” ಎಂದಳು. ಅವಳ ಮನೆಯಲ್ಲಿ ಮೂರು ಮಕ್ಕಳು ಹಸಿದಿದ್ದವು. ತಲೆದಿಂಬಿನ ಅಡಿಯಲ್ಲಿ ಆ ರಾತ್ರಿ ಕತ್ತರಿ ಚುಚ್ಚಿದ ಹಾಗಾಯಿತು. ತೆಗೆದು ಮೂಲೆಗೆ ಬಿಸಾಡಿದೆ. ಬೆಳಿಗ್ಗೆ ನಾಚಿಕೆಯಾಗಿ ಹುಡುಕಿ ಒರೆಸಿ ಇಟ್ಟೆ.

*

ಆರ್ಡರು ಮೊದಲ ಮಳೆಯ ಜೊತೆ ಬಂತು. ನಾವು ಕೆಲಸಗಾರರಲ್ಲ. ಅರ್ಜಿ ವಜಾ.

ಅದಾಗಿ ಎಂಟು ದಿನಕ್ಕೆ ಪದ್ಮಯ್ಯ ಹೇಳಿ ಕಳಿಸಿದ. ಕಾಗದಕ್ಕೆ ಹೆಬ್ಬೆಟ್ಟು ಹಾಕಿದವರಿಗೆ ಎಲೆ ಉಂಟು, ಹನ್ನೊಂದು ಜನರಿಗೂ ಉಂಟು. ಸೋಮವಾರ ಬೆಳಿಗ್ಗೆ ಬ್ರಾಂಚಿಗೆ ಬರಬೇಕು.

ಅಂಗಳದಲ್ಲಿ ಬ್ರಾಂಚಿನ ಎಲ್ಲ ಹೆಂಗಸರೂ ಇದ್ದರು, ಅರುವತ್ತು ಎಪ್ಪತ್ತು ಜನ, ಓಲೆಯ ಗೊರಬೆ ಹೊದ್ದುಕೊಂಡು, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಮಳೆಯಲ್ಲಿ ಸಾಲಾಗಿ ನಿಂತಿದ್ದರು. ಜಗಲಿಯಲ್ಲಿ ಮೇಜು. ಮೇಜಿನ ಹಿಂದೆ ಶಿವಸುಬ್ರಹ್ಮಣ್ಯ ವಕೀಲರು ತಾವೇ ಬಂದು ಕುಳಿತಿದ್ದರು. ಎದುರಿಗೆ ಟೈಪು ಮಾಡಿದ ಕಾಗದದ ರಾಶಿ.

ಪದ್ಮಯ್ಯ ಒಂದನ್ನು ಎತ್ತಿ ಓದಿದ. “ನಾನು ಕಂಪೆನಿಯಿಂದ ಎಲೆ ಮತ್ತು ಹೊಗೆಸೊಪ್ಪನ್ನು ಕ್ರಯಕ್ಕೆ ಪಡೆದು, ನನ್ನ ಸ್ವಂತ ಉಪಕರಣಗಳಿಂದ, ನನ್ನ ಸ್ವಂತ ಸ್ಥಳದಲ್ಲಿ ಬೀಡಿ ತಯಾರಿಸಿ ಮಾರುವ ಸ್ವತಂತ್ರ ವ್ಯಾಪಾರಿಯಾಗಿರುತ್ತೇನೆ...”

“ವ್ಯಾಪಾರಿಯಾ!” ದಮಯಂತಿ ಮಳೆಯಲ್ಲೇ ಕೂಗಿದಳು. “ಹಾಗಾದ್ರೆ ನನ್ನ ಕಾರು ಎಲ್ಲಿ ನಿಲ್ಸಿದ್ದೀರಿ ಪದ್ಮಯ್ಯ? ಡ್ರೈವರ್ ಉಂಡನಾ?”

ಸಾಲಿನಲ್ಲಿ ನಗು ಎದ್ದಿತು. ಪದ್ಮಯ್ಯ ಗದರಿದ. “ಬಾಯಿ ಮುಚ್ಚು. ಮೊದಲು ಅಮ್ಮಣಿ ಬರಲಿ. ಇವಳೇ ಅಲ್ಲವಾ ಲೀಡರು. ಕೈ ಚಾಚು ಇಲ್ಲಿ.”

ಮಸಿಯ ಡಬ್ಬಿಯನ್ನು ಜಗಲಿಯ ಅಂಚಿನಲ್ಲಿ ಇಟ್ಟ. ನಾನು ಕೆಳಗಿನಿಂದ ಕೈ ಚಾಚಬೇಕು.

ನಾನು ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟೆ.

“ಏ! ಏ! ಎಲ್ಲಿಗೆ?”

ಎರಡನೆಯದು. ಮೂರನೆಯದು. ನನ್ನ ಒದ್ದೆ ಕಾಲಿನ ಕೆಸರು ಸಿಮೆಂಟಿನ ಮೇಲೆ ಹೆಜ್ಜೆ ಮೂಡಿಸಿತು. ವಕೀಲರು ಕುರ್ಚಿಯನ್ನು ಹಿಂದಕ್ಕೆ ದೂಡಿಕೊಂಡರು. ನಾನು ಸೊಂಟದಿಂದ ಕತ್ತರಿ ತೆಗೆದೆ. ಪದ್ಮಯ್ಯ ಗೋಡೆಗೆ ಆತುಕೊಂಡ. ಇರಿಯುತ್ತೇನೆ ಎಂದು ಎಣಿಸಿರಬೇಕು, ಹೇಡಿ.

ಇರಿಯುವುದು ಸುಲಭವಿತ್ತು. ನಾನು ಮಾಡಿದ್ದು ಅದಕ್ಕಿಂತ ಕಷ್ಟದ್ದು. ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ವಕೀಲರ ಕಾಗದದ ರಾಶಿಯ ಮೇಲೆ ಇಟ್ಟೆ. ಮತ್ತೆ ಕೆಳಗಿಳಿದು ಅಂಗಳದಲ್ಲಿ ನಿಂತೆ, ಅಮ್ಮ ನಿಲ್ಲುತ್ತಿದ್ದ ಹಾಗೆ, ತಲೆ ಬಗ್ಗಿಸಿ. ಕೂಗಿದೆ.

“ಕತ್ತರಿ ಇಟ್ಟಿದ್ದೇನೆ ಧನೀ!”

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಸಾಲಿನಲ್ಲಿದ್ದ ಮುದುಕಿಯರಿಗೆ ಮೊದಲು ಅರ್ಥವಾಯಿತು. ಅವರೂ ಒಂದು ಕಾಲದಲ್ಲಿ ಹಾಗೆ ಕೂಗಿದವರೇ.

“ಏನಿದು ಹುಚ್ಚು?” ಎಂದರು ವಕೀಲರು.

“ಕಂಪೆನಿಯದ್ದು ಧನೀ ಕತ್ತರಿ. ಇವತ್ತಿನಿಂದ ಇಲ್ಲೇ ಇರ್ತದೆ. ದಿನಾ ಬೆಳಿಗ್ಗೆ ಬಂದು ಇಲ್ಲಿಂದ ತಕೊಳ್ತೇನೆ. ನಿಮ್ಮ ಜಗಲಿಯಲ್ಲೇ ಕೂತು ಕಟ್ತೇನೆ. ಸಂಜೆ ಇಲ್ಲೇ ಇಡ್ತೇನೆ. ನೀವು ಏಳು ಅಂದ್ರೆ ಏಳುವುದು, ಕೂರು ಅಂದ್ರೆ ಕೂರುವುದು. ಈಗ ಕೇಳಿ, ಬಂಗ್ಲೆಯಲ್ಲಿ ಕೇಳಿದ್ದನ್ನು ಎಲ್ಲರೆದುರು ಇನ್ನೊಮ್ಮೆ ಕೇಳಿ. ಕತ್ತರಿ ಯಾರದ್ದು ಅಂತ.”

ವಕೀಲರ ಮುಖ ಬಿಳಿಚಿತು. ಅವರಿಗೆ ಕಾನೂನು ಗೊತ್ತಿತ್ತಲ್ಲ, ಕತ್ತರಿಯೂ ಜಾಗವೂ ಕಂಪೆನಿಯದ್ದಾದರೆ ನಾವು ಕೆಲಸಗಾರರೇ.

“ಪದ್ಮಯ್ಯ! ಎತ್ತು ಇದನ್ನು! ಹೊರಗೆ ಹಾಕು! ಒಂದು ಕತ್ತರಿಯೂ ಈ ಕಟ್ಟಡದ ಒಳಗೆ ಇರಬಾರದು!”

ಪದ್ಮಯ್ಯ ಓಡಿ ಬಂದು ಕತ್ತರಿ ಎತ್ತಿ ಅಂಗಳಕ್ಕೆ ಎಸೆದ. ಅದು ಕೆಸರಿಗೆ ಬಿತ್ತು. ಅಮ್ಮನ ಸೀರೆಯ ಅಂಚು ಕೆಂಪಾಯಿತು. ನಾನು ಬಗ್ಗುವ ಮೊದಲೇ ದಮಯಂತಿ ಮೆಟ್ಟಿಲು ಹತ್ತಿ ತನ್ನ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಕತ್ತರಿ ಇಟ್ಟಿದ್ದೇನೆ ಧನೀ!”

ಅದನ್ನೂ ಎಸೆದ. ಅಷ್ಟರಲ್ಲಿ ಇನ್ನೊಬ್ಬಳು ಹತ್ತಿದಳು. ಅವಳ ಹಿಂದೆ ಮತ್ತೊಬ್ಬಳು. ಹನ್ನೊಂದು ಜನ ಮುಗಿದ ಮೇಲೆ ಸಾಲಿನಲ್ಲಿದ್ದ ಒಬ್ಬ ಮುದುಕಿ ಗೊರಬೆ ಕಳಚಿ ಕೆಳಗಿಟ್ಟು, ಮೆಟ್ಟಿಲಿಗೆ ಕೈಯೂರಿ ಹತ್ತತೊಡಗಿದಳು. ನಮ್ಮ ಅರ್ಜಿಗೆ ಸಹಿ ಹಾಕಲು ಹೆದರಿ ಬಾಗಿಲು ಮುಚ್ಚಿಕೊಂಡವಳು ಅವಳು. ಪದ್ಮಯ್ಯ ಮೇಜಿಗೂ ಅಂಗಳಕ್ಕೂ ನಡುವೆ ನಾಯಿಯ ಹಾಗೆ ಓಡಿದ. ಎರಡು ಎಸೆಯುವಷ್ಟರಲ್ಲಿ ಮೂರು ಬರುತ್ತಿದ್ದವು. ಅವನ ಅಂಗೈ ಕೊಯ್ದು ರಕ್ತ ಕಾಗದದ ಮೇಲೆಲ್ಲ ಬಿತ್ತು. ಮಸಿಯ ಡಬ್ಬಿ ಮಗುಚಿತು.

“ಪೊಲೀಸರನ್ನು ಕರೆಸುತ್ತೇನೆ! ನಿಮ್ಮನ್ನೆಲ್ಲ ಒಳಗೆ ಹಾಕಿಸುತ್ತೇನೆ ರಂಡೆಯರೇ!” ಶಿವಸುಬ್ರಹ್ಮಣ್ಯ ವಕೀಲರ ಸ್ವರದಲ್ಲಿ ಈಗ ಎಣ್ಣೆ ಇರಲಿಲ್ಲ. ಅವರು ಎದ್ದು ನಿಂತು, ಎರಡೂ ಕೈಯಲ್ಲಿ ಕತ್ತರಿಗಳನ್ನು ತಾವೇ ಗೋರಿ ಮಳೆಗೆ ಎಸೆಯತೊಡಗಿದರು. ಕಪ್ಪು ಕೋಟಿನ ತೋಳಿಗೆ ಒಂದು ಸಿಕ್ಕಿ ಜೋತಾಡುತ್ತಿತ್ತು.

ನಾನು ಕೆಸರಿನಿಂದ ನನ್ನ ಕತ್ತರಿಯನ್ನು ಎತ್ತಿಕೊಂಡು, ಸೀರೆಗೆ ಒರೆಸಿ, ಮತ್ತೆ ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟೆ.